ಹೆಣ್ಣಿಗೆ ಬರೆದ ನೋವು

ಹಾಸನ
೯ ಆಗಸ್ಟ್ ೧೯೬೦

ನನ್ನ ಅವ್ವನಿಗೆ ಅನಸೂಯ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀನು ಕಳಿಸಿದ ಚಟ್ನಿಪುಡಿಯನ್ನು ನರ್ಸಿಂಗ್ ಹಾಸ್ಟೆಲಿನ ಹುಡುಗಿಯರೆಲ್ಲ ಸೇರಿ ಮುಗಿಸಿದೆವು. ಈ ಕಾಗದವನ್ನು ಅಣ್ಣನ ಕೈಲಿ ಓದಿಸಬೇಡ. ಅಕ್ಷರ ಬಿಡಿಸಿ ಬರೆದಿದ್ದೇನೆ, ನೀನೇ ನಿಧಾನವಾಗಿ ಓದಿಕೊ.

ಈ ವಾರ ನಮ್ಮ ಮಿಷನ್ ಆಸ್ಪತ್ರೆಗೆ ದುದ್ದದ ಪುಟ್ಟತಾಯಮ್ಮ ಎಂಬಾಕೆ ಹೆರಿಗೆಗೆ ಬಂದಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವಳ ಗಂಡನ ಮನೆಯವರು ಹಿಂದಿನ ತಲೆಮಾರಿನಲ್ಲೇ ಕ್ರೈಸ್ತರಾದ ಒಕ್ಕಲುಗಳು. ಹೆಸರುಗಳು ಮಾತ್ರ ನಮ್ಮ ಕಡೆಯವೇ. ನೋವು ಎದ್ದು ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಸ್ವಲ್ಪ ನಿದ್ದೆ ಬಂದರೆ ಮೈಗೆ ಶಕ್ತಿ ಬರುತ್ತದೆಂದು ಡಾಕ್ಟರಮ್ಮ ನೋವು ಕಡಿಮೆ ಮಾಡುವ ಇಂಜೆಕ್ಷನ್ ಬರೆದರು. ನಾನು ಸೂಜಿ ಹಿಡಿದು ಹೋದರೆ ಆಕೆ ತೋಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

“ಬ್ಯಾಡ ಕಣವ್ವ. ಓದ್ಸಲ ನೋವು ತಪ್ಪಿಸ್ಕೊಂಡೆ, ದೇವ್ರು ಕೂಸ್ನ ಕಿತ್ಕೊಂಡ. ಈ ಸಲ ನೋವ್ನೆಲ್ಲ ಅವನ್ಗೇ ಕೊಟ್ಬುಡ್ತೀನಿ.”

ನಾನು ಸೂಜಿಯನ್ನು ತಟ್ಟೆಯಲ್ಲಿಟ್ಟು ಡಾಕ್ಟರಮ್ಮನನ್ನು ಕರೆದೆ. ಹಿಂದಿನ ಮಗು ಕರುಳುಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು ಹೋದದ್ದು, ಸೂಜಿಯಿಂದಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಅವಳು ಸೆರಗನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡಳು. ಹೆಣ್ಣಿಗೆ ನೋವು ದೇವರ ಶಾಪ, ಅದರಿಂದ ಓಡಿದರೆ ಹೀಗೇ ಆಗುವುದು ಎಂದು ಹೇಳಿದವರು ಅವಳ ಮಾವ ಗುಂಡಯ್ಯನವರಂತೆ.

ಅವರು ಹೊರಗೆ ಜಗುಲಿಯಲ್ಲೇ ಕೂತಿದ್ದರು, ತೊಡೆಯ ಮೇಲೆ ಬೈಬಲ್ಲು. ನಾವು ಲಿಂಗ ಕಟ್ಟಿದವರಾದರೂ ಇಲ್ಲಿ ಬೆಳಗಿನ ಪ್ರಾರ್ಥನೆಗೆ ನಿಲ್ಲುತ್ತೇವಲ್ಲ, ಹಾವಿನ ಮಾತು ಕೇಳಿ ಮೊದಲ ಗಂಡುಹೆಣ್ಣು ದೇವರು ಬೇಡವೆಂದ ಹಣ್ಣು ತಿಂದ ಆ ಅಧ್ಯಾಯವನ್ನು ನಾನೂ ಕೇಳಿದ್ದೆ. ಒಂದು ಅನುಮಾನ ಮನಸ್ಸಿನಲ್ಲೇ ಉಳಿದಿತ್ತು. ಓದಿ ಎಂದೆ. ಓದಿದರು. ಶಾಪ ಎಂಬ ಮಾತು ಯಾರ ಯಾರ ಮೇಲಿದೆ ಎಂದು ಕೇಳಿದೆ. ಅವರ ಬೆರಳು ಸಾಲಿನ ಮೇಲೆ ಹರಿಯಿತು. ಹಾವಿನ ಮೇಲಿತ್ತು, ನೆಲದ ಮೇಲಿತ್ತು. ಹೆಂಗಸಿಗೆ ಸಂಕಟ ಎಂದಿತ್ತು, ಶಾಪ ಎಂದಿರಲಿಲ್ಲ. ಗಂಡಸಿಗೂ ಮುಳ್ಳು, ಬೆವರು ಎಂದಿತ್ತು. ಹಾಗಂತ ನೀವು ಹೊಲದಲ್ಲಿ ಮುಳ್ಳು ಕೀಳುವುದನ್ನು ಬಿಟ್ಟಿದ್ದೀರಾ ಎಂದು ಕೇಳಿಬಿಟ್ಟೆ. ಹಿರಿಯರಿಗೆ ಹಾಗೆ ಕೇಳಬಾರದಿತ್ತೇನೋ.

ಅವರು ಬೈಬಲ್ಲನ್ನು ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ, “ಕೂಸ್ನ ಮಣ್ಣು ಮಾಡಿ ಬಂದಿದ್ದೆ ಕಣವ್ವ. ಯಾರ್ ಮ್ಯಾಲಾದ್ರೂ ತಪ್ಪು ಆಕ್ಬೇಕಾಗಿತ್ತು,” ಎಂದರು.

ಗಂಡಸರು ವಾರ್ಡಿನೊಳಗೆ ಬರುವ ಹಾಗಿಲ್ಲ. ಅವರು ಬಾಗಿಲ ಪರದೆಯ ಈಚೆ ನಿಂತು, ಮುಖ ಬೇರೆ ಕಡೆ ಮಾಡಿ ಹೇಳಿದರು: “ಪುಟ್ಟತಾಯಿ, ನಾನ್ ಅಂದಿದ್ದು ಪುಸ್ತಕದಾಗಿಲ್ಲ. ನಾನೇ ಸೇರ್ಸಿದ್ದು. ಸೂಜಿ ಆಕುಸ್ಕೊ, ನನ್ನವ್ವ.”

ಅಷ್ಟು ಹೊತ್ತು ತುಟಿ ಕಚ್ಚಿಕೊಂಡಿದ್ದವಳು ಆಗ ಗಟ್ಟಿಯಾಗಿ ಅತ್ತಳು. ತಾನೇ ತೋಳು ಚಾಚಿದಳು. ಸ್ವಲ್ಪ ನಿದ್ದೆ ಮಾಡಿದಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಮೊದಲು ಅಳಲಿಲ್ಲ. ಬೆನ್ನು ತಿಕ್ಕಿದ ಮೇಲೆ ಅತ್ತಿತು. ಹೊರಗೆ ತಂದು ತೋರಿಸಿದಾಗ ಗುಂಡಯ್ಯನವರು ಮಗುವನ್ನು ಎತ್ತಿಕೊಳ್ಳಲು ಹೆದರಿ ಕಾಲಿನ ಬೆರಳನ್ನಷ್ಟೇ ಮುಟ್ಟಿದರು.

ಹೆಂಗಸಿಗೆ ಸಂಕಟ ಎಂಬ ಆ ವಾಕ್ಯದ ಅರ್ಥ ನನಗೆ ಪೂರ್ತಿ ತಿಳಿಯಿತು ಅಂತಲ್ಲ, ಅವ್ವ. ಅದು ದೇವರ ಅಪ್ಪಣೆಯೋ, ಇನ್ನು ಮೇಲೆ ನಿನಗೆ ಹೀಗಾಗುತ್ತದಲ್ಲ ಎಂದು ಮರುಗಿ ಹೇಳಿದ ಮಾತೋ? ಓದುವಾಗ ಗುಂಡಯ್ಯನವರ ದನಿ ನಡುಗಿದ್ದನ್ನು ಕೇಳಿದ ಮೇಲೆ ನನಗೆ ಎರಡನೆಯದೇ ಸರಿ ಅನ್ನಿಸುತ್ತಿದೆ. ನೀನು ಏನನ್ನುತ್ತೀಯೋ ಬರೆ.

ನಿನ್ನ ಮಗಳು,
ಅನಸೂಯ

ಮರೆತ ಮಾತು: ಚನ್ನರಾಯಪಟ್ಟಣದಿಂದ ಬಂದ ಸಂಬಂಧಕ್ಕೆ ಓದು ಮುಗಿಯಲಿ ಎಂದೆನಲ್ಲ, ಓದು ಬರೀ ನೆಪ. ತಮ್ಮ ಹುಟ್ಟಿದ ದಿನ ನಾನು ಕೋಣೆಯ ಬಾಗಿಲಲ್ಲೇ ನಿಂತಿದ್ದೆ. ನೀನು ಕೂಗಿದ್ದೆಲ್ಲ ಕೇಳಿಸಿತ್ತು, ಹೆರಿಗೆಯ ಭಯ ಅಂದಿನದು. ಅವರು ಇನ್ನೂ ಬೇರೆ ಕಡೆ ನೋಡಿರದಿದ್ದರೆ, ದೀಪಾವಳಿಗೆ ನಾನು ಬಂದಾಗ ಬರಹೇಳು.