ಹಾಸಿಗೆ ಹಾಸುವ ಕ್ಲೈತೆಮ್ನೆಸ್ತ್ರಾ

ಹಾಲ್ಕಿದಾ,
12 ಅಕ್ಟೋಬರ್ 1998

ಪ್ರೀತಿಯ ಪೊಲಿಕ್ಸೆನಿ ಅಕ್ಕಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ, ನಂಬಬೇಡ. ಬಣ್ಣ ಮುಗಿದಿದೆ, ಬೆನ್ನು ಬಾಗಿದೆ, ಚಿತ್ರ ಮಾತ್ರ ಗೋಡೆ ಸೇರಿಲ್ಲ.

ನಮ್ಮ ಪುರಾಣದ ಹೆಂಗಸರನ್ನು ಅವರ ಕಡೆಯಿಂದ ಚಿತ್ರಿಸುತ್ತೇನೆಂದು ಹೊರಟವಳು ನಾನು. ಉಳಿದವಳು ಕ್ಲೈತೆಮ್ನೆಸ್ತ್ರಾ. ಗಂಡನನ್ನು ಕೊಂದವಳೆಂದು ಎಲ್ಲರೂ ಬಲ್ಲರು. ಅದಕ್ಕೂ ಮುಂಚೆ, ಮಗಳಿಗೆ ಮದುವೆಯೆಂದು ಗಂಡ ಹೇಳಿಕಳಿಸಿದ್ದನ್ನು ನಂಬಿ, ನಮ್ಮೂರ ಪಕ್ಕದ ಔಲಿಸ್ ದಡಕ್ಕೆ ಅವಳನ್ನು ಕರೆತಂದಳಲ್ಲ. ಹಡಗುಗಳಿಗೆ ಗಾಳಿ ಬೀಸಲೆಂದು ಅವನು ಆ ಮಗಳನ್ನೇ ಬಲಿಕೊಟ್ಟನಲ್ಲ. ಅದರ ಹಿಂದಿನ ದಿನದ ತಾಯಿ ನನ್ನ ಚಿತ್ರದಲ್ಲಿದ್ದಾಳೆ. ನಮ್ಮ ಕಡೆಯವರಂತೆ ಮದುವೆಯ ಹಾಸಿಗೆ ಹಾಸುತ್ತಿದ್ದಾಳೆ: ಬಿಳಿ ಹೊದಿಕೆ, ಅಕ್ಕಿ, ಸಕ್ಕರೆ ಬಾದಾಮಿ.

ನನ್ನೆದುರು ಬಗ್ಗಿ ನಿಂತವಳು ಅಮ್ಮ. ಸೊಂಟ ನೋಯುತ್ತದೆಯೇ ಎಂದರೆ, "ಜೀವಮಾನವೆಲ್ಲ ಒಲೆ ಮುಂದೆ ಬಗ್ಗಿದ್ದೀನಿ ಕಣೇ, ಆಗ ಯಾರೂ ಚಿತ್ರ ಬರೀಲಿಲ್ಲ" ಅಂದಳು.

ಚಿತ್ರ ತೂಗಬೇಕಾದ ಸಭಾಂಗಣದ ಅಧ್ಯಕ್ಷ ಥ್ರಾಸಿವುಲೊಸ್ ಬಂದು ನೋಡಿದ. "ಚಾಕು ಎಲ್ಲಮ್ಮಾ? ಚಾಕು ಇಲ್ದಿದ್ರೆ ಇವಳು ಯಾರದೋ ಮನೆ ಅಜ್ಜಿ. ಒಂದು ಚಾಕು ಹಾಕು, ಬಾಗಿಲ ಎದುರಿಗೇ ತೂಗುಹಾಕ್ತೀನಿ. ಇಲ್ಲಾಂದ್ರೆ ಬೇರೆ ಗೋಡೆ ಹುಡುಕ್ಕೋ" ಅಂದ. ತಿಂಗಳ ಕೊನೆಗೆ ಹೇಳಬೇಕಂತೆ.

ನನಗೂ ಸಾಕಾಗಿದೆ. ಬೂದು ಬಣ್ಣದ ಎರಡು ಗೀಟು ಎಳೆದರೆ ಚಾಕು ಆಗುತ್ತದೆ, ರಗಳೆ ಹೋಗುತ್ತದೆ. ಆದರೆ ಆ ಹಾಸಿಗೆ ನಿನ್ನದು. ನೀನು ಫೋಟೋದಲ್ಲಷ್ಟೇ ಕಂಡಿದ್ದ ಗಂಡಿಗೆ ಅಪ್ಪ ಮಾತು ಕೊಟ್ಟುಬಿಟ್ಟ. ವರ ಇದ್ದದ್ದು ಮೆಲ್ಬರ್ನಿನಲ್ಲಿ, ಅಮ್ಮ ಹಾಸಿಗೆ ಹಾಸಿದ್ದು ಇಲ್ಲಿ. ಯಾರೂ ಮಲಗದ ಮದುವೆ ಹಾಸಿಗೆ! ನಿನಗೆ ಮಕ್ಕಳಾಗಲೆಂದು ಅದರ ಮೇಲೆ ಪುಟ್ಟವಳಾಗಿದ್ದ ನನ್ನನ್ನು ಉರುಳಾಡಿಸಿದರು. ನೀನು ಅಳುತ್ತಿದ್ದೆ, ಸಂತೋಷಕ್ಕೆ ಅಂದರು. ನಿನ್ನ ಹಡಗು ಹೊರಟ ಮೇಲೂ ಅಮ್ಮ ಬಹಳ ದಿನ ಆ ಹೊದಿಕೆಯನ್ನು ಮಡಿಸಲಿಲ್ಲ.

ಚಾಕು ಬೇಕೋ ಬೇಡವೋ, ನೀನೇ ಹೇಳು. ನನ್ನ ಕೈ ಓಡುತ್ತಿಲ್ಲ.

ದಣಿದ ತಂಗಿ,
ಝಫಿರಿಯಾ

ಮರೆತ ಮಾತಲ್ಲ, ಈಗಷ್ಟೇ ಆದದ್ದು: ನೀನು ಉತ್ತರಿಸುವುದು ಬೇಡ. ಆಗುವುದಿಲ್ಲವೆಂದು ಥ್ರಾಸಿವುಲೊಸ್‌ಗೆ ಹೇಳಿಕಳಿಸಿದೆ. ಅಮ್ಮನನ್ನು ನಿಲ್ಲಿಸಿಕೊಂಡು ಚಿತ್ರದ ಬೆರಳು ತಿದ್ದುತ್ತಿದ್ದೆ, ಅಪ್ಪ ಕೋಲೂರಿಕೊಂಡು ಬಂದ. ತುಂಬ ಹೊತ್ತು ನೋಡಿ, "ನಾನೆಲ್ಲಿ?" ಅಂದ. "ದಡದಲ್ಲಿದ್ದೀಯ, ಗಾಳಿ ಕಾಯ್ತಾ" ಅಂದೆ. "ಅವಳ ಕೈಗೆ ಚಾಕು ಕೊಟ್ಬಿಡೇ. ಅದೇ ನ್ಯಾಯ" ಅಂದ.

ಅಮ್ಮ ತಲೆಯೆತ್ತಲಿಲ್ಲ. ಹೊದಿಕೆಯ ಸುಕ್ಕು ಸವರುತ್ತಲೇ ಅಂದಳು: "ಅಷ್ಟು ಸುಲಭವಾಗಿ ಬಿಡ್ತೀನಾ ನಿನ್ನ?"