ನಾಲ್ಕು ಬೆರಳು ಜಾಗ

ಕೋರಾ ಪುಟ್ಟಿ, ನಿನ್ನ ಸೋದರಮಾವ, ನಿಮ್ಮಪ್ಪನ ಜೊತೆ ಸಿಂಪ್ಸನ್ ಅನ್ನೋ ಮರಳುಗಾಡು ದಾಟಿ, ಬರ್ಡ್ಸ್‌ವಿಲ್ ಊರಲ್ಲಿ ಕೂತು ಬರೆಯುತ್ತಿದ್ದಾನೆ. ಹೊರಡುವಾಗ ನಾನು ನನ್ನ ಗಾಡಿಯ ಪೆಟ್ರೋಲ್ ಕ್ಯಾನುಗಳಲ್ಲಿ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೆ. "ಗಾಳಿ ಹೊತ್ಕೊಂಡು ಹೋಗ್ತೀಯೇನಯ್ಯ ಭಾವ?" ಅಂತ ನಿಮ್ಮಪ್ಪ ನಕ್ಕು, ತನ್ನವನ್ನು ಬಾಯಿಮಟ್ಟ ತುಂಬಿಸಿದ. ಎರಡನೇ ದಿನ ಬಿಸಿಲಿಗೆ ಪೆಟ್ರೋಲ್ ಉಬ್ಬಿ, ಮುಚ್ಚಳದಲ್ಲಿ ಸೋರಿ, ಅವನ ಹಾಸಿಗೆ ಬಟ್ಟೆಯೆಲ್ಲ ತೊಯ್ದುಹೋಯಿತು. ಅವನನ್ನು ಬೆಂಕಿಯಿಂದ ನೂರು ಹೆಜ್ಜೆ ದೂರ ಕೂರಿಸಿ, ಮೂರು ದಿನ ನಾನೇ ಚಹಾ ಒಯ್ದುಕೊಟ್ಟೆ. ಕೊನೆಯ ಕೆಂಪು ದಿಬ್ಬದ ಬುಡದಲ್ಲಿ ಅವನ ಗಾಡಿಯ ಪೆಟ್ರೋಲ್ ಮುಗಿಯಿತು. "ಭಾವ, ಒಂಚೂರು ಗಾಳಿ ಕೊಡಯ್ಯ" ಅಂದ. ನನ್ನ ಕ್ಯಾನಿಂದ ಕೊಟ್ಟೆ, ದಿಬ್ಬ ಏರಿದ. ಇಬ್ಬರೂ ಆರೋಗ್ಯವಾಗಿದ್ದೇವೆ. ನಿಮ್ಮಮ್ಮ ಅವನ ಬಟ್ಟೆ ಒಲೆ ಹತ್ತಿರ ಒಣಹಾಕದಿರಲಿ. ನನ್ನ ಮಾತು ನೀನು ನಂಬೋಳಲ್ಲ. ಅದಕ್ಕೇ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ, ನಿಮ್ಮಪ್ಪನೇ ಬರೀಲಿ.

ನಿನ್ನ ಮಾವ ಕ್ಲ್ಯಾರಿ

ಎಲ್ಲಾ ನಿಜ ಕಣಮ್ಮ. ಅಪ್ಪ