ಸಂಬಂಧ ಇದ್ದವರು ಹೊರಗೆ

ಫೆಬ್ರವರಿ 6, ಮಂಗಳವಾರ

ಹೊಸ ಟ್ರಸ್ಟಿಗೆ ಮತ್ತೆ ಅದೇ ಪಾಠ. ರಿಟೈರಾದ ಹಲ್ಲಿನ ಡಾಕ್ಟರು. ಊರಿನವರು ಕೊಟ್ಟದ್ದನ್ನು ನಮ್ಮ ಫೌಂಡೇಶನ್ ಒಟ್ಟು ಹಾಕುತ್ತೆ, ಊರಿನದೇ ಸಂಸ್ಥೆಗಳಿಗೆ ಹಂಚುತ್ತೆ ಅಂದೆ. "ಅಷ್ಟೇನಾ?" ಅಂದರು. ಅಷ್ಟೇ. ಕೊಡೋದು ಸುಲಭ ಅಂದುಕೊಂಡಿದ್ದಾರೆ, ಪಾಪ. ಯಾರಿಗೆ ಇಲ್ಲ ಅನ್ನಬೇಕು ಅಂತ ತಲೆ ಕೆಡಿಸಿಕೊಳ್ಳೋದೇ ನನ್ನ ಕೆಲಸ ಅಂತ ಹೇಳಲಿಲ್ಲ. ಮೊದಲ ದಿನವೇ ಹೆದರಿಸಬಾರದು.

ಆಮೇಲೆ ಮೂರು ಕಡೆ ವಿಸಿಟ್. ಹೆಂಗಸರ ಆಶ್ರಯ, ಗಾಲಿಕುರ್ಚಿ ರಿಪೇರಿಯವರು, ಸಂಜೆ ಶಾಲೆ. ಎಲ್ಲ ಕಡೆ ಟೀ. ಬೇಡ ಅಂದರೆ ಅವರಿಗೆ ಭಯ, ಕುಡಿದರೆ ನನಗೆ ಎದೆಯುರಿ.

ಮನೆಗೆ ಬಂದಾಗ ಅಣ್ಣ ಹಗಲುಮನೆಯಿಂದ ಬಂದಾಗಿತ್ತು. ಅವನಂಥವರನ್ನು ಹಗಲು ಹೊತ್ತು ನೋಡಿಕೊಂಡು ವ್ಯಾಯಾಮ ಮಾಡಿಸೋ ಜಾಗ ಅದು. ಎಡಗೈಯಲ್ಲಿ ಬಲಗೈ ಹಿಡಿದು ತೋರಿಸಿದ. ಎರಡು ಬೆರಳು ಆಡ್ತಿವೆ! ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಬಲಗೈ ಬಿದ್ದುಹೋಗಿ ಮರೆವು ಶುರುವಾದ ಮೇಲೆ ಇದೇ ಮೊದಲು. ದಿನವಿಡೀ ಓಡಾಡಿದ ನನ್ನ ಕಾಲು ನೋವು ಮರೆತೇಹೋಯಿತು.

ಫೆಬ್ರವರಿ 9, ಶುಕ್ರವಾರ

ಮಾರ್ಚ್ ಮೀಟಿಂಗಿನ ಪಟ್ಟಿ ಬಂತು. ಅದರಲ್ಲಿ ಹಗಲುಮನೆ. ಅದರ ಬಾಡಿಗೆ, ವ್ಯಾನು, ಫಿಸಿಯೋ ಎಲ್ಲ ನಮ್ಮ ಫೌಂಡೇಶನ್ನಿನ ದುಡ್ಡಿನಲ್ಲೇ. ಮೂರು ವರ್ಷ ಮುಗಿಯಿತು. ಮೂರು ವರ್ಷ ಆದಮೇಲೆ ಸಂಸ್ಥೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಅಂತ ನಿಯಮ. ಟ್ರಸ್ಟಿಗಳು ಮನಸ್ಸು ಮಾಡಿದರೆ ಇನ್ನೊಂದು ವರ್ಷ ಕೊಡಬಹುದು.

ಅತ್ತಿಗೆಗೆ ಹೇಳಿದೆ. ಲ್ಯಾಬಿನ ಕೋಟು ಇನ್ನೂ ಬಿಚ್ಚಿರಲಿಲ್ಲ.

"ನಿನ್ನ ಆಫೀಸೇ ಅಲ್ವೇನೇ? ಒಂದು ಮಾತು ಹಾಕು."

"ಆಗಲ್ಲ ಅತ್ತಿಗೆ. ಸಂಬಂಧ ಇದ್ದವರು ಹೊರಗೆ ಹೋಗಬೇಕು. ಅವರು ಬರೆದ ರಿಪೋರ್ಟೂ ಲೆಕ್ಕಕ್ಕಿಲ್ಲ."

"ಅಂದ್ರೆ ಯಾರಿಗೆ ಚೆನ್ನಾಗಿ ಗೊತ್ತೋ ಅವರೇ ಬಾಯಿ ಬಿಡಬಾರದು?"

"ಹೂಂ."

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ. ನಮ್ಮ ಪೂಜಾರಿ ಮನೇಲೇ ಕೂತಿದಾಳೆ, ನೋಡು!" ಅಂದು ಕೋಟು ಬಿಚ್ಚಿದರು. ಅದನ್ನು ಮೊಳೆಗೆ ಸಿಕ್ಕಿಸುತ್ತಾ — "ಅವರು ನಿನ್ನ ಅಣ್ಣ ಅಂತ ಅಲ್ಲಿ ಯಾರಿಗೆ ಗೊತ್ತು? ಹೇಳಲೇಬೇಡ."

ಯಾರಿಗೂ ಗೊತ್ತಿಲ್ಲ, ನಿಜ. ಹೋದ ಸಲ ವಿಸಿಟ್‌ಗೆ ಹೋದಾಗ ಅಣ್ಣನಿಗೆ ಇನ್ನೂ ಏನೂ ಆಗಿರಲಿಲ್ಲ. ಹಗಲುಮನೆ ಮುಚ್ಚಿದರೆ ಅತ್ತಿಗೆಯೋ ನಾನೋ, ಒಬ್ಬರು ಕೆಲಸ ಬಿಡಬೇಕು. ಅದಾದರೂ ಹೋಗಲಿ... ಆ ಬೆರಳು?

ಫೆಬ್ರವರಿ 20, ಮಂಗಳವಾರ

ಇವತ್ತು ಹಗಲುಮನೆ ವಿಸಿಟ್. ಅಣ್ಣನ ವಿಷಯ ಆಫೀಸಿನಲ್ಲಿ ಇನ್ನೂ ಹೇಳಿಲ್ಲ. ಡಾಕ್ಟರು ನಾನೂ ಬರ್ತೀನಿ ಅಂದರು. ಬೇಡ ಅನ್ನೋಕೆ ಕಾರಣ ಸಿಗಲಿಲ್ಲ.

ನಡೆಸುವವರು ಒಬ್ಬ ಹಳೇ ನರ್ಸ್. ಅವರಿಗಿಂತ ಹಿರಿಯರೂ ಅವರನ್ನು ದೊಡ್ಡಮ್ಮ ಅಂತಲೇ ಕರೆಯೋದು. ಬಾಗಿಲಲ್ಲೇ ನನ್ನ ಕೈ ಒತ್ತಿ "ನೀವಿದೀರಲ್ಲ, ನಮಗೇನು ಚಿಂತೆ" ಅಂದರು. ಕೈ ಬಿಡಿಸಿಕೊಂಡು ಫೈಲು ತೆರೆದೆ.

ಅಣ್ಣ ಕಿಟಕಿ ಹತ್ತಿರ ಕೂತು ತಂತಿಗೆ ಬಟ್ಟೆ ಕ್ಲಿಪ್ ಸಿಕ್ಕಿಸ್ತಿದ್ದ. ಡಾಕ್ಟರು ನೇರ ಅವನ ಹತ್ತಿರವೇ ಹೋಗಬೇಕೇ! "ಹೇಗಿದೀರಿ?" "ಚೆನ್ನಾಗಿದೀನಿ ಸಾರ್." ಆಮೇಲೆ ನನ್ನ ಕಡೆ ತಿರುಗಿ — "ನಮಸ್ಕಾರ ಮೇಡಂ. ಕೂತ್ಕೊಳ್ಳಿ."

ಮುಖದಲ್ಲಿ ಗುರುತಿನ ಸುಳಿವೇ ಇಲ್ಲ. ಮರೆವು ಇಷ್ಟು ಮುಂದುವರಿದಿದೆಯಾ? ಬೆಳಿಗ್ಗೆ ನಾನೇ ತಲೆ ಬಾಚಿ ಕಳಿಸಿದ್ದೆನಲ್ಲ. ಉಳಿದ ವಿಸಿಟ್ ಹೇಗೆ ಮುಗಿಸಿದೆನೋ. ಏನು ಕೇಳಿದೆ, ಏನು ಬರೆದುಕೊಂಡೆ, ಒಂದೂ ನೆನಪಿಲ್ಲ.

ಸಂಜೆ ಚಪ್ಪಲಿ ಬಿಡ್ತಿದ್ದೆ. ಅಣ್ಣ ಗೋಡೆ ಹಿಡಿದುಕೊಂಡು ಬಂದ. ಬಾಯಿ ಕಿವಿವರೆಗೆ.

"ಸರಿಯಾಗಿ ಮಾಡಿದ್ನಾ?"

ಅತ್ತಿಗೆ ನಾಲ್ಕು ದಿನದಿಂದ ಹೇಳಿಕೊಟ್ಟಿದ್ದಾರೆ. 'ತಂಗಿ ಬಂದ್ರೆ ಮೇಡಂ ಅನ್ನು. ನಗಬೇಡ.' ನಾಲ್ಕು ದಿನ! ಬೆಳಿಗ್ಗೆ ತಿಂದ ತಿಂಡಿ ನೆನಪಿರಲ್ಲ ಅವನಿಗೆ, ಇದನ್ನು ಹಿಡಿದಿಟ್ಟುಕೊಂಡಿದ್ದ. ಮೂವರೂ ನಕ್ಕಿದ್ದೇ ನಕ್ಕಿದ್ದು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟರು.

ಊಟ ಮಾತ್ರ ಸೇರಲಿಲ್ಲ.

ಮಾರ್ಚ್ 12, ಮಂಗಳವಾರ, ಸಂಜೆ

ಆಯಿತು.

ಮೀಟಿಂಗ್ ಶುರುವಿನಲ್ಲಿ ಡೈರೆಕ್ಟರ್ ಮೇಡಂ ಎಂದಿನಂತೆ ಕೇಳಿದರು — ಪಟ್ಟಿಯಲ್ಲಿರೋ ಯಾವುದಾದರೂ ಸಂಸ್ಥೆ ಜೊತೆ ಯಾರಿಗಾದರೂ ಸಂಬಂಧ ಇದೆಯಾ? ಯಾವಾಗಲೂ ಯಾರೂ ಮಾತಾಡಲ್ಲ. ಬಿಸ್ಕೆಟ್ ತಟ್ಟೆ ಮುಂದೆ ಹೋಗುತ್ತೆ.

ಕೈ ಎತ್ತಿದೆ.

ಯಾಕೆ ಅಂತ ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಹೋದ ವರ್ಷ ಸಂಜೆ ಶಾಲೆಯವರು ಸ್ವಂತ ಭಾವಮೈದುನನಿಗೆ ಕೆಲಸ ಕೊಟ್ಟು ಮುಚ್ಚಿಟ್ಟಿದ್ದರು. ಅವರಿಗೆ ಬುದ್ಧಿ ಹೇಳಿ ಬಂದವಳು ನಾನೇ. ಆ ಮಾತು ನನ್ನ ಬಾಯಲ್ಲೇ ಇನ್ನೂ ಇತ್ತು. ದೊಡ್ಡತನ ಏನಿಲ್ಲ. ಸುಳ್ಳು ಹೊತ್ತು ತಿರುಗೋಕೆ ಇನ್ನು ತ್ರಾಣ ಇರಲಿಲ್ಲ, ಅಷ್ಟೇ.

ಹೊರಗೆ ನೀರಿನ ಕ್ಯಾನ್ ಪಕ್ಕ ಕೂತೆ. ಒಳಗೆ ಯಾರೋ ನಕ್ಕರು. ಟೀ ಆರುವ ಮೊದಲೇ ಬಾಗಿಲು ತೆರೆಯಿತು. ಡಾಕ್ಟರು ಹೊರಗೆ ಬಂದು "ಆ ಕಿಟಕಿ ಹತ್ತಿರ ಕೂತಿದ್ದವರು ನಿಮ್ಮ ಅಣ್ಣನಾ? ಛೆ" ಅಂದು ಕನ್ನಡಕ ಒರೆಸಿಕೊಂಡರು. ನನ್ನ ರಿಪೋರ್ಟ್ ಪಕ್ಕಕ್ಕಿಟ್ಟರಂತೆ. ಅದಿಲ್ಲದೆ ಹಗಲುಮನೆ ಬಗ್ಗೆ ಮಾತಾಡೋಕೆ ಯಾರಿಗೂ ಏನೂ ಗೊತ್ತಿರಲಿಲ್ಲ. ಡಾಕ್ಟರು ಒಂದು ಸಲ ನೋಡಿದ್ದಷ್ಟೇ, ಹೊಸಬರು, ಇನ್ನೊಂದು ವರ್ಷ ಕೊಡಿ ಅಂತ ಹೇಗೆ ಹೇಳ್ತಾರೆ? ಹಗಲುಮನೆಗೆ ಇನ್ನು ದುಡ್ಡಿಲ್ಲ ಅಂತ ತೀರ್ಮಾನ.

ಅತ್ತಿಗೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಸತ್ಯ ಹೇಳಿದ್ಯಾ? ಒಳ್ಳೇದು. ನಾಳೆಯಿಂದ ಅದನ್ನೇ ಬಡಿಸು" ಅಂದರು.

ಮಾರ್ಚ್ 15

ದೊಡ್ಡಮ್ಮನಿಗೆ ಫೋನ್. ಬೇರೆಯವರು ಮಾಡಬಹುದಿತ್ತು, ನಾನೇ ಮಾಡ್ತೀನಿ ಅಂದೆ. ಪೂರ್ತಿ ಕೇಳಿಸಿಕೊಂಡರು.

"ನಿಮ್ಮನ್ನ ನಂಬಿ ಬೇರೆ ಎಲ್ಲೂ ಕೇಳಲಿಲ್ಲ ನಾನು" ಅಂದರು. ಇಟ್ಟುಬಿಟ್ಟರು.

ಏಪ್ರಿಲ್ 1, ಸೋಮವಾರ, ಬೆಳಿಗ್ಗೆ

ಈ ವಾರ ನನ್ನ ರಜೆ, ಮುಂದಿನ ವಾರ ಅತ್ತಿಗೆಯದು. ಆಮೇಲೆ ಏನು ಅಂತ ಇಬ್ಬರೂ ಕೇಳಿಕೊಂಡಿಲ್ಲ.

ಅಣ್ಣ ತಾನೇ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದ. ನಿನ್ನೆ ಹೇಳಿದ್ದೆ, ಮೊನ್ನೆಯೂ ಹೇಳಿದ್ದೆ. ಮತ್ತೆ ಹೇಳಿದೆ — "ವ್ಯಾನ್ ಬರಲ್ಲ ಅಣ್ಣ. ಹಗಲುಮನೆ ಮುಚ್ಚಿಬಿಟ್ರು."

ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ.

"ನಾನು ಮೇಡಂ ಅಂದಿದ್ದು... ಸರಿಯಾಗಿ ಬರ್ಲಿಲ್ವಾ?"

"ಇಲ್ಲಪ್ಪ, ಚೆನ್ನಾಗೇ ಅಂದೆ ನೀನು."

"ನಗ್ಲೂ ಇಲ್ಲ."

"ಇಲ್ಲ. ನಗಲಿಲ್ಲ."

"ಮತ್ತೆ ಅವರಿಗೆ ಹೇಗೆ ಗೊತ್ತಾಯ್ತು?"

ನೀರು ತರ್ತೀನಿ ಅಂತ ಒಳಗೆ ಬಂದವಳು ಇದನ್ನು ಬರೀತಾ ನಿಂತಿದ್ದೀನಿ. ಅವನು ಮರೆಯಲಿ ಅಂತ ಕಾಯ್ತಿದ್ದೀನೇನೋ. ಮರೆತಿಲ್ಲ. ಕೂಗ್ತಿದಾನೆ, ಅದನ್ನೇ ಕೇಳ್ತಿದಾನೆ. ಹೋಗಿ ಹೇಳಬೇಕು. ಅಣ್ಣಾ, ನಾನೇ ಅವರಿಗೆ...